ಬಿಸಿಲ ನಾಡಿಗೆ ಯಾವ ಬಿಯರ್?

ಏಪ್ರಿಲ್ ತಿಂಗಳ ಮಧ್ಯಾಹ್ನ ಬಂಡಳ್ಳಿಯ ಬಿಸಿಲು ಹೇಗಿರುತ್ತದೆ ಎಂಬುದು ಅಲ್ಲಿ ಬಸ್ಸಿಗಾಗಿ ಕಾದವರಿಗೆ ಗೊತ್ತು. ಸುತ್ತಲಿನ ಗುಡ್ಡಗಳು ಗಾಳಿಯನ್ನು ತಡೆದು ನಿಲ್ಲಿಸಿದಂತೆ ಭಾಸವಾಗುತ್ತದೆ. ಹೊಲಗಳಲ್ಲಿ ರಾಗಿಯ ಕೂಳೆ ಒಣಗಿ ನಿಂತಿರುತ್ತದೆ. ಕಳೆದ ಬೇಸಿಗೆಯಲ್ಲಿ ಸಂಬಂಧಿಕರ ಮನೆಯ ಕಾರ್ಯಕ್ರಮ ಮುಗಿಸಿಕೊಂಡು ಆ ಕಡೆಯಿಂದ ಹನೂರಿಗೆ ಹೊರಟಿದ್ದಾಗ, ದಾರಿಯ ಬದಿಯ ಅಂಗಡಿಯೊಂದರ ನೆರಳಿನಲ್ಲಿ ಅರ್ಧ ಗಂಟೆ ನಿಲ್ಲಬೇಕಾಯಿತು. ಹೊಲದ ಕೆಲಸ ಮುಗಿಸಿ ಬಂದ ನಡುವಯಸ್ಸಿನ ಒಬ್ಬರು ಸೊಂಟದಿಂದ 90 ಮಿಲಿ ಲೀಟರಿನ ಕಾಗದದ ಪ್ಯಾಕೆಟ್ ತೆಗೆದು, ಮೂಲೆ ಹರಿದು, ಪ್ಲಾಸ್ಟಿಕ್ ಲೋಟಕ್ಕೆ ಸುರಿದು, ಒಂದಿಷ್ಟು ನೀರು ಬೆರೆಸಿ ಒಂದೇ ಗುಟುಕಿಗೆ ಮುಗಿಸಿದರು. ಮುಖ ಕಿವುಚಿಕೊಂಡ ಅವರನ್ನು ನಾನು ನೋಡುತ್ತಿದ್ದುದು ತಿಳಿದು, ಯಾವ ಸಂಕೋಚವೂ ಇಲ್ಲದೆ ಹೇಳಿದರು: ‘ಬಿಸ್ಲಲ್ಲಿ ಗೇದು ಬಂದವ್ನಿಗ ತಣ್ಣಗಿರದು ಬೇಕು ಬುದ್ದಿ. ಇಲ್ಲಿ ಸಿಕ್ಕದೆಲ್ಲ ಉರಿಯದೇಯ.’

ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಬೆಂಗಳೂರಿನಲ್ಲಿ ನನ್ನ ಸೋದರಳಿಯ ಮೈಕ್ರೊಬ್ರೂವರಿಯೊಂದಕ್ಕೆ ಕರೆದೊಯ್ದಿದ್ದ. ಮೇಜಿನ ಮೇಲಿದ್ದ ಪಟ್ಟಿಯಲ್ಲಿ ‘ಗೋಲ್ಡನ್ ಏಲ್’ ಎಂಬ ಬಿಯರಿನ ಹೆಸರಿನ ಕೆಳಗೆ, ಇದು ಬೇಸಿಗೆಗೆ ಹೇಳಿ ಮಾಡಿಸಿದ ಹಗುರ ಪಾನೀಯ ಎಂಬ ಅರ್ಥದ ಸಾಲಿತ್ತು. ನಾನು ಜೀವಮಾನದಲ್ಲಿ ಬಿಯರ್ ಕುಡಿದದ್ದು ಬೆರಳೆಣಿಕೆಯಷ್ಟು ಸಲ. ಅಂದು ಅರ್ಧ ಲೋಟ ರುಚಿ ನೋಡಿದೆ. ಹೊಂಬಣ್ಣ, ತೆಳು ನೊರೆ, ಸ್ವಲ್ಪ ಕಹಿ, ನಿಂಬೆಯ ಸಿಪ್ಪೆಯನ್ನು ನೆನಪಿಸುವ ಪರಿಮಳ. ಚೆನ್ನಾಗಿಯೇ ಇತ್ತು. ಬಿಲ್ ಬಂದಾಗ ನೋಡಿದರೆ ಒಂದು ಲೋಟದ ಬೆಲೆ ಹೆಚ್ಚು ಕಡಿಮೆ ಒಬ್ಬ ಕೂಲಿಕಾರನ ದಿನಗೂಲಿಯ ಹತ್ತಿರ ಇತ್ತು. 2025–26ನೇ ಸಾಲಿಗೆ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ನಿಗದಿಯಾಗಿದ್ದ ಕೂಲಿ ದಿನಕ್ಕೆ 370 ರೂಪಾಯಿ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬಿಸಿಲಿನಲ್ಲಿ ದುಡಿಯುವವನಿಗೆ ಉರಿಯುವ ಮದ್ಯ, ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತವನಿಗೆ ‘ಬೇಸಿಗೆಯ ಹಗುರ ಪಾನೀಯ’. ಇದು ರುಚಿಯ ವ್ಯತ್ಯಾಸವಷ್ಟೇ ಅಲ್ಲ, ಇದನ್ನು ರೂಪಿಸಿರುವುದು ನಮ್ಮ ಅಬಕಾರಿ ಸುಂಕದ ಲೆಕ್ಕಾಚಾರ ಎಂಬುದು ಈ ಲೇಖನದ ವಾದ. ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ: ಮದ್ಯಪಾನವನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತವೆನ್ನಬಹುದಾದ ಆಲ್ಕೋಹಾಲ್ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಅದನ್ನು ಒಪ್ಪಿಕೊಂಡೇ ಮಾತು ಮುಂದುವರಿಸೋಣ. ಏಕೆಂದರೆ ಸರ್ಕಾರವೇ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹದ ಗುರಿ ಇಟ್ಟುಕೊಂಡಿತ್ತು. ಅಷ್ಟು ಹಣ ಬರಬೇಕಾದರೆ ಜನ ಕುಡಿಯಲೇಬೇಕು. ಏನನ್ನು ಕುಡಿಯುತ್ತಾರೆ ಎಂಬ ಪ್ರಶ್ನೆಯನ್ನು ಕೇಳುವುದು ಅನೈತಿಕವೆಂದು ನನಗೆ ಅನ್ನಿಸುವುದಿಲ್ಲ.

ಗೋಲ್ಡನ್ ಏಲ್ ಎಂಬುದು ಪುರಾತನ ಪಾನೀಯವೇನೂ ಅಲ್ಲ. ಇಂಗ್ಲೆಂಡಿನ ಸಾಂಪ್ರದಾಯಿಕ ಏಲ್‌ಗಳು ಕಂದು ಬಣ್ಣದವು, ಭಾರವಾದವು. 1970ರ ನಂತರ ಅಲ್ಲಿಯ ಯುವಜನರು, ಅದರಲ್ಲೂ ಬೇಸಿಗೆಯಲ್ಲಿ, ತಣ್ಣಗಿನ ತಿಳಿ ಬಣ್ಣದ ಲಾಗರ್ ಬಿಯರಿನತ್ತ ವಾಲಿದರು. ಅವರನ್ನು ಮರಳಿ ಸೆಳೆಯಲು ಸಣ್ಣ ಬ್ರೂವರಿಗಳು ಬರೀ ತಿಳಿ ಮಾಲ್ಟ್ ಬಳಸಿ, ಹಾಪ್ಸ್ ಹೂವಿನ ಪರಿಮಳ ಎದ್ದು ಕಾಣುವಂತೆ ಹೊಸ ಬಗೆಯ ಏಲ್ ತಯಾರಿಸಿದವು. ಸಾಮರ್‌ಸೆಟ್ ಪ್ರಾಂತ್ಯದ ಎಕ್ಸ್‌ಮೂರ್ ಬ್ರೂವರಿ 1986ರಲ್ಲಿ ಹೊರತಂದ ‘ಎಕ್ಸ್‌ಮೂರ್ ಗೋಲ್ಡ್’ ಅನ್ನು ಈ ಬಗೆಯ ಮೊದಲನೆಯದೆಂದು ಗುರುತಿಸುತ್ತಾರೆ. ಆ ದಶಕದ ಕೊನೆಗೆ ಬಂದ ‘ಸಮ್ಮರ್ ಲೈಟ್ನಿಂಗ್’ ಇದನ್ನು ಜನಪ್ರಿಯಗೊಳಿಸಿತು. ಇದರ ಆಲ್ಕೋಹಾಲ್ ಪ್ರಮಾಣ ಸಾಮಾನ್ಯವಾಗಿ ಶೇ 3.8ರಿಂದ 5ರ ಒಳಗೆ.

ಏಲ್‌ಗೂ ಲಾಗರ್‌ಗೂ ಇರುವ ಮೂಲಭೂತ ವ್ಯತ್ಯಾಸ ಯೀಸ್ಟಿನದು. ಏಲ್ ಯೀಸ್ಟ್ ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ಕೆಲಸ ಮಾಡಿ ಕೆಲವೇ ದಿನಗಳಲ್ಲಿ ಹುದುಗುವಿಕೆ ಮುಗಿಸುತ್ತದೆ. ಲಾಗರ್ ಯೀಸ್ಟಿಗೆ 8ರಿಂದ 13 ಡಿಗ್ರಿಯ ತಂಪು ಬೇಕು. ಆಮೇಲೆ ವಾರಗಟ್ಟಲೆ ಸೊನ್ನೆಯ ಆಸುಪಾಸಿನಲ್ಲಿ ಇಟ್ಟು ಮಾಗಿಸಬೇಕು. ಉಷ್ಣ ದೇಶದಲ್ಲಿ ಹೀಗೆ ತಂಪು ಕಾಯುವುದೆಂದರೆ ವಿದ್ಯುತ್ತಿನ ಖರ್ಚು. ಕುಡಿಯುವಾಗಲೂ ಅಷ್ಟೆ: ಮಂಜುಗಡ್ಡೆಯಷ್ಟು ತಣ್ಣಗಿರದಿದ್ದರೆ ಲಾಗರ್ ಸಪ್ಪೆ ಎನಿಸುತ್ತದೆ, ಗೋಲ್ಡನ್ ಏಲ್ 10–12 ಡಿಗ್ರಿಯಲ್ಲೂ ರುಚಿ ಬಿಟ್ಟುಕೊಡುವುದಿಲ್ಲ. (ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ 12 ಡಿಗ್ರಿಯೂ ದೂರದ ಮಾತೇ. ಆದರೂ ಮೂರು ಡಿಗ್ರಿಗಿಂತ ಹತ್ತಿರ.) ಶೀತ ದೇಶದ ಲಾಗರ್ ಅನ್ನು ಬಿಸಿಲಿನ ಭಾರತ ತನ್ನದಾಗಿಸಿಕೊಂಡು, ಏಲ್ ಅನ್ನು ಮರೆತುಬಿಟ್ಟದ್ದು ವಿಚಿತ್ರವೇ ಸರಿ.

ಮರೆತದ್ದು ಎನ್ನಲು ಕಾರಣವಿದೆ. ಭಾರತಕ್ಕೆ ಬಿಯರ್ ಬಂದದ್ದೇ ಏಲ್ ರೂಪದಲ್ಲಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಬ್ರೂವರಿಯ ಜಾರ್ಜ್ ಹಾಡ್ಜ್‌ಸನ್ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಕಳುಹಿಸುತ್ತಿದ್ದ, ಹಾಪ್ಸ್ ಹೆಚ್ಚು ಹಾಕಿದ ತಿಳಿ ಏಲ್ ಮುಂದೆ ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾಯಿತು. 1820ರ ದಶಕದಲ್ಲಿ ಆ ವ್ಯಾಪಾರ ಬರ್ಟನ್ ಪಟ್ಟಣದ ಆಲ್ಸಪ್ ಮುಂತಾದವರ ಕೈಗೆ ಹೋಯಿತು. ದಂಡಿನ ಸೋಲ್ಜರುಗಳಿಗಾಗಿ ನೀಲಗಿರಿಯಲ್ಲೂ ಬೆಂಗಳೂರಿನಲ್ಲೂ ಬ್ರೂವರಿಗಳು ಹುಟ್ಟಿದವು. ಅಂಥ ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಥಾಮಸ್ ಲೀಶ್‌ಮನ್ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಸ್ವಾತಂತ್ರ್ಯ ಬಂದಾಗ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು, ಮುಂದೆ ಅಧ್ಯಕ್ಷರಾದರು. ಈಗ ಆ ಕಂಪೆನಿಯ ನಿಯಂತ್ರಣ ಡಚ್ಚರ ಹೈನೆಕೆನ್ ಕೈಯಲ್ಲಿದೆ. ಬಿಯರಿನ ಈ ಚರಿತ್ರೆಯಲ್ಲಿ ಬೆಂಗಳೂರಿಗೆ ದೊಡ್ಡ ಅಧ್ಯಾಯವೇ ಇದೆ. ಬಂಡಳ್ಳಿಯ ಚರಿತ್ರೆ ಮಾತ್ರ ಬೇರೆಯೇ.

ಕೊಳ್ಳೇಗಾಲ ಸೀಮೆ 1799ರಲ್ಲಿ ಟಿಪ್ಪು ಬಿದ್ದ ನಂತರ ಮೈಸೂರಿಗೆ ಉಳಿಯಲಿಲ್ಲ. ಕಂಪೆನಿಯ ಪಾಲಾಗಿ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನಲ್ಲೇ ಉಳಿಯಿತು. ಒಂದೇ ಬಿಸಿಲು, ಒಂದೇ ಭಾಷೆ, ಎರಡು ಬೇರೆ ಬೇರೆ ಅಬಕಾರಿ ಕಾನೂನು. ರಾಜಾಜಿಯವರು ದೇಶದಲ್ಲೇ ಮಾದರಿಯಾಗಲೆಂದು 1937ರ ಅಕ್ಟೋಬರ್ 1ರಂದು ಪಾನನಿಷೇಧ ಆರಂಭಿಸಿದ್ದು ಸೇಲಂ ಜಿಲ್ಲೆಯಲ್ಲಿ. ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ಕಡೆ ಇಳಿದು ಮುಂದೆ ಹೋದರೆ ಸಿಗುವ ಮೆಟ್ಟೂರು ಆ ಜಿಲ್ಲೆಯದೇ. 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯ ‘ಒಣ’ ಪ್ರದೇಶವಾಯಿತು. ಅಂದರೆ ಕೊಳ್ಳೇಗಾಲದ ಹಿರಿಯರು ಕಾನೂನಿನ ಪ್ರಕಾರ ಹನಿ ಮದ್ಯವೂ ಇಲ್ಲದ ನಾಡಿನಲ್ಲಿ ಬದುಕಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದರು. ಆ ರಾಜ್ಯವೂ 1960ರ ದಶಕದ ಕೊನೆಗೆ ನಿಷೇಧವನ್ನು ಕೈಬಿಟ್ಟಿತು.

ಕಾನೂನಿನ ಪ್ರಕಾರ ಎಂದೆ. ನಿಷೇಧದ ಕಾಲದಲ್ಲಿ ಈ ಕಾಡಂಚಿನಲ್ಲಿ ಏನೇನು ಬೇಯುತ್ತಿತ್ತು ಎಂಬ ಕಥೆಗಳನ್ನು ನಾನು ಕೇಳಿದ್ದು, 1980ರ ದಶಕದ ಕೊನೆಯಲ್ಲಿ ಕಿರಿಯ ಅಧಿಕಾರಿಯಾಗಿ ಈ ಭಾಗದಲ್ಲಿ ಕೆಲಸ ಮಾಡಿದಾಗ. ಈಚಲು ಹೆಂಡದ ಮಾತು ಬಂದರೆ ಹಿರಿಯರ ಮುಖದಲ್ಲಿ ಒಂದು ಬಗೆಯ ಮೃದುತ್ವ ಕಾಣಿಸುತ್ತಿತ್ತು. ಕಳ್ಳಭಟ್ಟಿಯ ಮಾತು ಬಂದರೆ ದನಿ ತಗ್ಗುತ್ತಿತ್ತು. ಆ ವ್ಯತ್ಯಾಸದ ಅರ್ಥ ನನಗೆ ಆಗ ಹೊಳೆದಿರಲಿಲ್ಲ. ಹೆಂಡದಲ್ಲಿ ಆಲ್ಕೋಹಾಲ್ ಶೇ 4–5ರ ಆಸುಪಾಸು, ಸರಿಸುಮಾರು ಗೋಲ್ಡನ್ ಏಲ್‌ನಷ್ಟೇ. ನಮ್ಮ ಬಿಸಿಲಿಗೆ ಹೊಂದುವ ಹಗುರ ಪಾನೀಯ ನಮ್ಮ ಮರದಲ್ಲೇ ಇತ್ತು. ಆದರೆ ಅದು ಗಂಟೆಗಳಲ್ಲೇ ಹುಳಿಯುತ್ತದೆ, ಗೋದಾಮಿನಲ್ಲಿ ನಿಲ್ಲುವುದಿಲ್ಲ, ಲೇಬಲ್ ಅಂಟಿಸಿ ಲೆಕ್ಕವಿಡಲು ಬರುವುದಿಲ್ಲ. ಖಜಾನೆಗೆ ಬೇಕಾದದ್ದು ಲೆಕ್ಕಕ್ಕೆ ಸಿಗುವ ಮದ್ಯ.

ಸಾರಾಯಿ ಅಂಗಡಿಗಳ ಹರಾಜಿಗೆ ನಾನು ಸಾಕ್ಷಿಯಾಗಿದ್ದೇನೆ. ಬಿಳಿ ಅಂಗಿಯ ಗುತ್ತಿಗೆದಾರರು, ಬೆವರುತ್ತಿದ್ದ ಗುಮಾಸ್ತರು, ಕಳೆದ ವರ್ಷಕ್ಕಿಂತ ಎಷ್ಟು ಏರಿತು ಎಂಬ ಒಂದೇ ಕುತೂಹಲ. ಆ ಸಭಾಂಗಣದಲ್ಲಿ ಇಡೀ ದಿನ ಕೂತಿದ್ದರೂ ಸಾರಾಯಿಯ ಕಟುತ್ವದ ಬಗ್ಗೆಯಾಗಲಿ, ಅದನ್ನು ಕುಡಿಯುವವರ ಬಗ್ಗೆಯಾಗಲಿ ಒಬ್ಬರೂ ಮಾತೆತ್ತಿದ್ದು ನೆನಪಿಲ್ಲ. ಅರ್ಥಶಾಸ್ತ್ರ ಓದಿಕೊಂಡಿದ್ದ ನಾನೂ ಎತ್ತಲಿಲ್ಲ ಎಂಬುದನ್ನು ಸೇರಿಸಬೇಕು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಒಳ್ಳೆಯ ಉದ್ದೇಶದ ತೀರ್ಮಾನ. ಆದರೆ ಸಾರಾಯಿ ಕುಡಿಯುತ್ತಿದ್ದವರು ಮಾರನೆಯ ದಿನದಿಂದ ಮಜ್ಜಿಗೆಗೆ ಇಳಿಯಲಿಲ್ಲ. ಅವರು ವಿಸ್ಕಿ, ರಮ್ಮು, ಬ್ರಾಂದಿ ಎಂಬ ಹೆಸರಿನ ಅಗ್ಗದ ಮದ್ಯಕ್ಕೆ ತಿರುಗಿದರು. ಇದರ ಆಲ್ಕೋಹಾಲ್ ಪ್ರಮಾಣ ಶೇ 42.8. ಸಾರಾಯಿಗಿಂತ ಕಟುವಾದ ಮದ್ಯಕ್ಕೆ ಬಡವನನ್ನು ಬಡ್ತಿ ಕೊಟ್ಟು ಕಳಿಸಿದಂತಾಯಿತು. ಇನ್ನು ಕೆಲವರು ಕಳ್ಳಭಟ್ಟಿಗೆ ಹೋದರು. ನಿಷೇಧ ಬಂದು ವರ್ಷ ತುಂಬುವ ಮುನ್ನವೇ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ವಿಷಮದ್ಯ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 1981ರ ಬೆಂಗಳೂರು ದುರಂತದಲ್ಲಿ 300ಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ಕಂಡಿದ್ದ ನಮ್ಮ ಪೀಳಿಗೆಗೆ ಇದು ಹೊಸ ಪಾಠವಾಗಬೇಕಿರಲಿಲ್ಲ.

ಈಗ ಅಂಗಡಿಯ ನೆರಳಿನಲ್ಲಿ ನಿಂತ ಆ ವ್ಯಕ್ತಿಯ ಬಳಿಗೆ ಮರಳೋಣ. ‘ಬಿಯರ್ ತಗೋಬಹುದಿತ್ತಲ್ಲ, ಅದು ಹಗುರ, ತಣ್ಣಗಿರುತ್ತದೆ’ ಎಂದೆ. ಅವರು ನನ್ನನ್ನು ಪಟ್ಟಣದ ಪೆದ್ದನೆಂಬಂತೆ ನೋಡಿ, ‘ಅಷ್ಟ್ ದುಡ್ ಕೊಟ್ಟು ಕಮ್ಮಿ ಯಾಕ್ ಕುಡ್ಯವ ಬುದ್ದಿ?’ ಎಂದರು. ಅರ್ಥಶಾಸ್ತ್ರದ ಒಂದು ಪಾಠ ಆ ಪ್ರಶ್ನೆಯಲ್ಲಿದೆ. 650 ಮಿಲಿ ಲೀಟರಿನ, ಶೇ 5ರ ಬಿಯರ್ ಬಾಟಲಿಯಲ್ಲಿರುವ ಶುದ್ಧ ಆಲ್ಕೋಹಾಲ್ 32.5 ಮಿಲಿ ಲೀಟರ್. ಅವರ ಕೈಯಲ್ಲಿದ್ದ 90 ಮಿಲಿ ಲೀಟರಿನ ಪ್ಯಾಕೆಟ್ಟಿನಲ್ಲಿ 38.5. ಬಿಯರ್ ಬಾಟಲಿಗಿಂತ ಎಷ್ಟೋ ಕಡಿಮೆ ಬೆಲೆಯ ಪ್ಯಾಕೆಟ್ಟು ಬಾಟಲಿಗಿಂತ ಹೆಚ್ಚು ಅಮಲು ಕೊಡುತ್ತದೆ. ಬಿಯರೇ ಬೇಕೆಂದು ಹಟ ಹಿಡಿದರೂ, ಶೇ 8ರ ‘ಸ್ಟ್ರಾಂಗ್’ ಬಾಟಲಿಯಲ್ಲಿ 52 ಮಿಲಿ ಲೀಟರ್ ಸಿಗುತ್ತದೆ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಭಾರತದಲ್ಲಿ ಮಾರಾಟವಾಗುವ ಬಿಯರಿನ ಬಹುಪಾಲು ಸ್ಟ್ರಾಂಗ್ ಆಗಿರುವುದಕ್ಕೆ ನಮ್ಮ ಜನರ ನಾಲಗೆಯನ್ನು ದೂರುವವರು ಈ ಲೆಕ್ಕವನ್ನು ಮಾಡಿ ನೋಡಿಲ್ಲ. ಗ್ರಾಹಕ ತರ್ಕಬದ್ಧವಾಗಿಯೇ ವರ್ತಿಸುತ್ತಿದ್ದಾನೆ. ತರ್ಕ ತಪ್ಪಿರುವುದು ಸುಂಕದ ಪಟ್ಟಿಯಲ್ಲಿ.

ಬಿಯರಿಗೆ ಕೆಲವು ಸಹಜ ತೊಡಕುಗಳಿವೆ. ಅದು ಬಹುಪಾಲು ನೀರು. ನಂಜನಗೂಡಿನಲ್ಲೋ ಮೈಸೂರಿನಲ್ಲೋ ತುಂಬಿದ ಬಾಟಲಿಯನ್ನು ಹನೂರಿಗೆ ಸಾಗಿಸುವುದೆಂದರೆ ಗಾಜು ಮತ್ತು ನೀರನ್ನು ಸಾಗಿಸುವುದು. ಅಲ್ಲಿ ಅದನ್ನು ತಣ್ಣಗಿಡಲು ಫ್ರಿಜ್ಜು ಬೇಕು. ಕಾಗದದ ಪ್ಯಾಕೆಟ್ಟಿಗೆ ಇದಾವುದೂ ಬೇಡ, ಅಂಗಿಯ ಜೇಬು ಸಾಕು. ಈ ಸಹಜ ತೊಡಕಿನ ಮೇಲೆ ಸುಂಕವೂ ಗಾತ್ರವನ್ನೇ ನೋಡಿ ಹೇರಿದರೆ ಹಗುರ ಪಾನೀಯಕ್ಕೆ ಉಳಿಗಾಲವಿಲ್ಲ.

ಸರ್ಕಾರಕ್ಕೆ ಇದು ತಿಳಿದಿಲ್ಲವೆಂದಲ್ಲ. 2025ರ ಜನವರಿ 20ರಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಮೊದಲ ಬಾರಿಗೆ ಬಿಯರಿನ ಕಟುತ್ವವನ್ನು ನೋಡಿ ಮೂಲ ಸುಂಕವನ್ನು ಬೇರೆ ಮಾಡಲಾಯಿತು: ಶೇ 5ರವರೆಗಿನದಕ್ಕೆ ಲೀಟರಿಗೆ 12 ರೂಪಾಯಿ, ಶೇ 5ರಿಂದ 8ರವರೆಗಿನದಕ್ಕೆ 20 ರೂಪಾಯಿ. ತತ್ವದ ಮಟ್ಟಿಗೆ ಇದು ಸ್ವಾಗತಾರ್ಹ ಹೆಜ್ಜೆ. ಆದರೆ ಅದೇ ಆದೇಶದಲ್ಲಿ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 195 ಅಥವಾ ಲೀಟರಿಗೆ 130 ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದು, ಎಂದು ನಿಗದಿ ಮಾಡಲಾಯಿತು. ಈ ಎರಡನ್ನೂ ಒಂದು ಬಾಟಲಿಗೆ ಇಳಿಸಿ ನೋಡಿ. ಕಟುತ್ವದ ಕಾರಣಕ್ಕೆ ಬಂದ ವ್ಯತ್ಯಾಸ 5 ರೂಪಾಯಿ 20 ಪೈಸೆ. ಕಟುವಾಗಿರಲಿ, ಹಗುರವಾಗಿರಲಿ, ಕನಿಷ್ಠ ಹೆಚ್ಚುವರಿ ಸುಂಕ 84 ರೂಪಾಯಿ 50 ಪೈಸೆ. ಒಂದು ಕೈಯಲ್ಲಿ ಕೊಟ್ಟ ಸೂಚನೆಯನ್ನು ಇನ್ನೊಂದು ಕೈ ಅಳಿಸಿಹಾಕಿತು. ಅದೇ ವರ್ಷದ ಮೇ ತಿಂಗಳಲ್ಲಿ ಹೆಚ್ಚುವರಿ ಸುಂಕದ ದರ ಶೇ 200ಕ್ಕೆ ಏರಿತು. ಮುಂದೆ ಯಾವ ಪರಿಷ್ಕರಣೆ ಬಂದರೂ ಅದನ್ನು ಅಳೆಯಬೇಕಾದ ಅಳತೆಗೋಲು ಒಂದೇ: ಸುಂಕ ಬೀಳುತ್ತಿರುವುದು ಬಾಟಲಿಯೊಳಗಿನ ಆಲ್ಕೋಹಾಲಿನ ಮೇಲೆಯೋ, ನೀರಿನ ಮೇಲೆಯೋ?

ಬೇರೆ ದೇಶಗಳ ಅನುಭವ ನಮ್ಮ ಮುಂದಿದೆ. ಸ್ವೀಡನ್ನಿನಲ್ಲಿ ಶೇ 3.5ರವರೆಗಿನ ಬಿಯರ್ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ; ಅದಕ್ಕಿಂತ ಕಟುವಾದದ್ದಕ್ಕೆ ಸರ್ಕಾರಿ ಮಳಿಗೆಗೇ ಹೋಗಬೇಕು, ಅದೂ ನಿಗದಿತ ವೇಳೆಯಲ್ಲಿ. ಬ್ರಿಟನ್ 2023ರ ಆಗಸ್ಟ್ 1ರಿಂದ ಎಲ್ಲ ಮದ್ಯಗಳ ಸುಂಕವನ್ನು ಆಲ್ಕೋಹಾಲ್ ಪ್ರಮಾಣಕ್ಕೆ ಜೋಡಿಸಿ, ಶೇ 3.5ಕ್ಕಿಂತ ಕಡಿಮೆಯಿರುವವಕ್ಕೆ ರಿಯಾಯಿತಿ ಕೊಟ್ಟಿತು. ಪರಿಣಾಮವಾಗಿ ಕೆಲವು ಕಂಪೆನಿಗಳು ತಮ್ಮ ಬಿಯರನ್ನು ತಾವಾಗಿಯೇ ಶೇ 3.4ಕ್ಕೆ ಇಳಿಸಿದವು. ಉಪದೇಶದಿಂದ ಆಗದ್ದು ದರಪಟ್ಟಿಯಿಂದ ಆಯಿತು. ಸ್ಕಾಟ್ಲೆಂಡ್ 2018ರಲ್ಲಿ ಆಲ್ಕೋಹಾಲಿನ ಪ್ರತಿ ಯೂನಿಟ್ಟಿಗೆ ಕನಿಷ್ಠ ಬೆಲೆ ನಿಗದಿ ಮಾಡಿತು. ಮದ್ಯದಿಂದಲೇ ಸಂಭವಿಸುವ ಸಾವುಗಳು ಅದರಿಂದ ಸುಮಾರು ಶೇ 13ರಷ್ಟು ತಗ್ಗಿದವೆಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜಿಸಿತು. ಸ್ಕಾಟ್ಲೆಂಡಿನ ಈ ಕೊನೆಯ ಮಾರ್ಗ ನಮಗೆ ಹಾಗೆಯೇ ಒಗ್ಗದು. ಅಲ್ಲಿ ಕಳ್ಳಭಟ್ಟಿಯ ಭಯವಿಲ್ಲ. ಹನೂರಿನ ಕಾಡಂಚಿನಲ್ಲಿ ಇದೆ. ಅಗ್ಗದ ಮದ್ಯದ ಬೆಲೆಯನ್ನು ಏಕಾಏಕಿ ಏರಿಸಿದರೆ ಏನಾಗುತ್ತದೆಂಬುದನ್ನು 1981 ಮತ್ತು 2008 ಹೇಳಿವೆ. ಆದ್ದರಿಂದ ನಾನು ಹೇಳುವುದು ಕಟು ಮದ್ಯವನ್ನು ದುಬಾರಿ ಮಾಡಿ ಎಂದಲ್ಲ. ಶೇ 4ರ ಒಳಗಿನ ಬಿಯರನ್ನು ಬೇರೆ ವರ್ಗವಾಗಿ ಗುರುತಿಸಿ, ಅದರ ಸುಂಕವನ್ನು ಆಲ್ಕೋಹಾಲಿನ ಅನುಪಾತಕ್ಕೆ ಇಳಿಸಿ ಎಂದು. ಬೊಕ್ಕಸಕ್ಕೆ ನಷ್ಟವಾಗುವುದಿಲ್ಲವೇ ಎಂದು ಹಣಕಾಸು ಇಲಾಖೆಯ ನನ್ನ ಹಳೆಯ ಮಿತ್ರರು ಕೇಳಬಹುದು. ಇಂದು ಹಳ್ಳಿಗಳಲ್ಲಿ ಮಾರಾಟವೇ ಇಲ್ಲದ ವಸ್ತುವಿನ ಸುಂಕ ಇಳಿಸಿದರೆ ಕಳೆದುಕೊಳ್ಳುವುದಾದರೂ ಏನನ್ನು? ನಷ್ಟ ಬರುವುದು ಪ್ಯಾಕೆಟ್ಟಿನವರು ಬಿಯರಿಗೆ ಬಂದಾಗ. ಅಷ್ಟಾದರೆ ಆ ನಷ್ಟವನ್ನು ಆರೋಗ್ಯ ಇಲಾಖೆಯ ಖಾತೆಯಲ್ಲಿ ಲಾಭವೆಂದು ಬರೆದುಕೊಳ್ಳಬಹುದು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದು ಹಣಕಾಸು ಇಲಾಖೆಯದಲ್ಲ, ಮಹಿಳೆಯರದು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಸಂಪೂರ್ಣ ಪಾನನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅವರ ಮುಂದೆ ನಿಂತು ‘ಮದ್ಯವನ್ನು ಹಗುರ ಮಾಡಿಕೊಡುತ್ತೇವೆ’ ಎನ್ನುವ ಧೈರ್ಯ ನನಗಿಲ್ಲ. ಅವರ ಬೇಡಿಕೆಗೆ ಸಂವಿಧಾನದ 47ನೇ ವಿಧಿಯ ಬೆಂಬಲವೂ ಇದೆ. ಹಗುರ ಬಿಯರ್ ಅಗ್ಗವಾದರೆ ಈಗ ಕುಡಿಯದ ಹುಡುಗರು ಅದರಿಂದಲೇ ಆರಂಭಿಸಿ, ಆಮೇಲೆ ಪ್ಯಾಕೆಟ್ಟಿಗೆ ಏರುತ್ತಾರೆ ಎಂಬ ಅವರ ಭಯವೂ ನಿರಾಧಾರವಲ್ಲ. ಕಟುವಾದದ್ದನ್ನು ಬಿಟ್ಟು ಹಗುರಕ್ಕೆ ಬರುವವರೆಷ್ಟು, ಏನೂ ಇಲ್ಲದ ಸ್ಥಿತಿಯಿಂದ ಹಗುರಕ್ಕೆ ಬರುವವರೆಷ್ಟು ಎಂಬುದನ್ನು ನನ್ನ ಮೇಜಿನ ಮುಂದೆ ಕೂತು ನಿರ್ಧರಿಸಲಾಗದು. ಅದಕ್ಕಾಗಿಯೇ ಇಡೀ ರಾಜ್ಯಕ್ಕೆ ಒಮ್ಮೆಗೇ ಅನ್ವಯಿಸುವ ಬದಲು ಒಂದೆರಡು ತಾಲ್ಲೂಕುಗಳಲ್ಲಿ ಎರಡು ವರ್ಷ ಪ್ರಯೋಗ ಮಾಡಿ, ಹೊಸ ಅಂಗಡಿಗಳಿಗೆ ಪರವಾನಗಿ ಕೊಡದೆ, ಜಾಹೀರಾತಿಗೆ ಅವಕಾಶ ನೀಡದೆ, ಫಲಿತಾಂಶವನ್ನು ಗ್ರಾಮಸಭೆಯ ಮುಂದೆ ಇಡಬೇಕು. ಮಹಿಳೆಯರು ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು, ರಾಗಿಯದು. ಈ ವಿಷಯ ಪ್ರಸ್ತಾಪಿಸಿದಾಗಲೆಲ್ಲ ಯಾರಾದರೊಬ್ಬರು ‘ರಾಗಿಯಿಂದ ಬಿಯರ್ ಮಾಡಿದರೆ ನಮ್ಮ ರೈತ ಉದ್ಧಾರವಾಗುತ್ತಾನೆ’ ಎನ್ನುತ್ತಾರೆ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕದಲ್ಲಿ. ಬಾರ್ಲಿ ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶಗಳಿಂದ ಬರಬೇಕು, ಹಾಪ್ಸ್ ಬಹುತೇಕ ವಿದೇಶದಿಂದ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಮಾಲ್ಟ್ ಮಾಡುವುದು ನಮ್ಮ ಮನೆಗಳಲ್ಲಿ ಕೂಸುಗಳಿಗಾಗಿ ನಡೆದುಬಂದ ವಿದ್ಯೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅದರ ಮೇಲೆ ದೀರ್ಘಕಾಲ ಕೆಲಸ ಮಾಡಿದ್ದಾರೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ರಾಗಿಯನ್ನು ಹುದುಗಿಸಿ, ಬಿಸಿನೀರು ಹೊಯ್ದು, ಬಿದಿರಿನ ನಳಿಕೆಯಲ್ಲಿ ಹೀರುವ ‘ತೋಂಗ್ಬಾ’ ಇದೆ. ಉಗಾಂಡಾದ ತೇಸೊ ಜನರ ‘ಅಜೋನ್’ ಕೂಡ ರಾಗಿಯದೇ. ಅಲ್ಲಿಯೂ ಉದ್ದನೆಯ ನಳಿಕೆ. ಎರಡು ಖಂಡಗಳ ಜನ ನಳಿಕೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಹೊಟ್ಟು ತೆಗೆಯದ ಬಾರ್ಲಿ ತನ್ನ ಹೊಟ್ಟನ್ನೇ ಜರಡಿಯಾಗಿಸಿಕೊಂಡು ರಸವನ್ನು ಸೋಸಿಕೊಡುತ್ತದೆ. ರಾಗಿಯ ಸಣ್ಣ ಕಾಳಿಗೆ ಅಂಥ ಹೊಟ್ಟಿಲ್ಲ, ಅದು ಅಂಬಲಿಯಂತೆ ಗಟ್ಟಿಯಾಗಿ ಕೂರುತ್ತದೆ. ತಿಳಿ ಹೊಂಬಣ್ಣದ ಬಿಯರ್ ಬೇಕೆಂದರೆ ಬಾರ್ಲಿಯೊಂದಿಗೆ ಸ್ವಲ್ಪ ಪ್ರಮಾಣದಲ್ಲಿ ಬೆರೆಸಬೇಕಷ್ಟೆ.

ಆಗ ರೈತನಿಗೆ ಸಿಗುವುದೆಷ್ಟು? ಶೇ 4ರ ನೂರು ಲೀಟರ್ ಬಿಯರಿಗೆ ಸ್ಥೂಲವಾಗಿ 15–16 ಕಿಲೊ ಧಾನ್ಯ ಬೇಕು. ಅದರಲ್ಲಿ ಮೂರನೇ ಒಂದು ಭಾಗ ರಾಗಿಯೆಂದು ಹಿಡಿದರೆ 5 ಕಿಲೊ. ಒಂದು ಕ್ವಿಂಟಲ್ ರಾಗಿ ಖರ್ಚಾಗಲು ಎರಡು ಸಾವಿರ ಲೀಟರ್ ಬಿಯರ್ ಹರಿಯಬೇಕು. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿಯಂತೆ, ಲೀಟರಿನಲ್ಲಿ ರಾಗಿ ಬೆಳೆಗಾರನ ಪಾಲು ಎರಡೂವರೆ ರೂಪಾಯಿಗೂ ಕಡಿಮೆ. ರೈತನ ಹೆಸರಿನಲ್ಲಿ ಬಿಯರ್ ಮಾರುವುದು ಬೇಡ. ಬಂಡಳ್ಳಿಯ ರಾಗಿಗೆ ಅದಕ್ಕಿಂತ ಒಳ್ಳೆಯ ಗಿರಾಕಿಗಳಿದ್ದಾರೆ: ಅಂಗನವಾಡಿಯ ಮಕ್ಕಳು.

‘ಬಿಸಿಲಿಗೆ ತಂಪು’ ಎಂಬ ಮಾತಿನಲ್ಲೂ ಎಚ್ಚರ ಬೇಕು. ಆಲ್ಕೋಹಾಲ್ ಯಾವ ರೂಪದಲ್ಲಿದ್ದರೂ ದೇಹದ ನೀರನ್ನು ಹಿಡಿದಿಡುವ ಹಾರ್ಮೋನನ್ನು ಕುಗ್ಗಿಸಿ ಮೂತ್ರ ಹೆಚ್ಚಿಸುತ್ತದೆ. ಕಟುವಾದಷ್ಟೂ ಈ ಪರಿಣಾಮ ಹೆಚ್ಚು. ಬೆವರಿ ಬಂದವನು ಶೇ 42.8ರ ಮದ್ಯವನ್ನು ಅರ್ಧ ಲೋಟ ನೀರಿನಲ್ಲಿ ಕುಡಿದರೆ ದೇಹ ಇನ್ನಷ್ಟು ಒಣಗುತ್ತದೆ. ಶೇ 4ರ ಬಿಯರ್ ಅಷ್ಟು ಕೆಡಿಸುವುದಿಲ್ಲ ಎನ್ನಬಹುದೇ ಹೊರತು, ಬಾಯಾರಿಕೆಗೆ ಮದ್ದು ಎನ್ನಲಾಗದು. ಬಾಯಾರಿಕೆಗೆ ಮದ್ದು ಆ ಊರಿನ ಪ್ರತಿ ಮನೆಯಲ್ಲೂ ಗೊತ್ತಿರುವ ರಾಗಿ ಅಂಬಲಿ ಮತ್ತು ಉಪ್ಪು ಹಾಕಿದ ಮಜ್ಜಿಗೆ. ಅಂದು ನಾನು ನಿಂತಿದ್ದ ಅಂಗಡಿಯಲ್ಲಿ ಬಣ್ಣದ ಸೋಡಾ, ಪ್ಲಾಸ್ಟಿಕ್ ಬಾಟಲಿಯ ನೀರು ಇದ್ದವು. ಮಜ್ಜಿಗೆ ಇರಲಿಲ್ಲ. ಕೇಳಿದರೆ, ‘ಯಾರ್ ತಕತರ ಸಾ’ ಎಂದ ಅಂಗಡಿಯ ಹುಡುಗ.

ಕಡೆಗೆ ಒಂದು ಸಣ್ಣ ಬೇಡಿಕೆ. ಇದಕ್ಕೆ ಯಾವ ಕಾನೂನು ತಿದ್ದುಪಡಿಯೂ ಬೇಕಿಲ್ಲ. 2003ರಲ್ಲಿ ರಾಜ್ಯ ಪಾನೀಯ ನಿಗಮ ಸ್ಥಾಪನೆಯಾದಂದಿನಿಂದ ಕಾರ್ಖಾನೆಯಿಂದ ಅಂಗಡಿಗೆ ಹೋಗುವ ಪ್ರತಿ ಪೆಟ್ಟಿಗೆಯೂ ಅದರ ಲೆಕ್ಕದ ಮೂಲಕವೇ ಹಾಯುತ್ತದೆ. ಯಾವ ತಾಲ್ಲೂಕಿಗೆ ಯಾವ ಕಟುತ್ವದ ಮದ್ಯ ಎಷ್ಟು ಲೀಟರ್ ಹೋಯಿತು ಎಂಬುದು ಅಲ್ಲಿಯ ಕಂಪ್ಯೂಟರಿನಲ್ಲಿದೆ. ಪ್ರತಿವರ್ಷ ಬಜೆಟ್ ಪುಸ್ತಕದಲ್ಲಿ ಅಬಕಾರಿ ವರಮಾನದ ಕೋಟಿಗಳನ್ನು ಮುದ್ರಿಸುವಾಗ ಅದರ ಪಕ್ಕದ ಕಾಲಂನಲ್ಲಿ ತಾಲ್ಲೂಕುವಾರು ಮಾರಾಟವಾದ ಶುದ್ಧ ಆಲ್ಕೋಹಾಲಿನ ಪ್ರಮಾಣವನ್ನೂ ಮುದ್ರಿಸಲಿ, ಪ್ಯಾಕೆಟ್ಟಿನಿಂದ ಎಷ್ಟು, ಬಿಯರಿನಿಂದ ಎಷ್ಟು ಎಂಬ ವಿಂಗಡಣೆಯೊಂದಿಗೆ. ಹನೂರಿನ ಸಾಲಿನಲ್ಲಿ ಯಾವ ಅಂಕಿ ಇರುತ್ತದೆಂದು ನೋಡುವ ಕುತೂಹಲ ನನಗಿದೆ.